ಜಲವರ್ಣದ ಮುಖಚಿತ್ರ: ನೆರಳನ್ನು ಹಿಡಿದು ಬಣ್ಣವನ್ನು ಹರಿಯಬಿಡುವ ಕ್ರಮ

ಜಲವರ್ಣದಲ್ಲಿ ಮರ, ಕೆರೆ, ಬೀದಿಗಳನ್ನು ಧೈರ್ಯವಾಗಿ ಬರೆಯುವವರೂ ಮುಖವನ್ನು ಬರೆಯಲು ಕುಳಿತಾಗ ಕುಂಚವನ್ನು ಬಿಗಿಯಾಗಿ ಹಿಡಿಯುತ್ತಾರೆ. ಕೊಂಬೆ ಅರ್ಧ ಇಂಚು ಅತ್ತಿತ್ತ ಸರಿದರೆ ಯಾರೂ ಕೇಳುವುದಿಲ್ಲ. ತುಟಿಯ ತುದಿ ಎರಡು ಮಿಲಿಮೀಟರ್ ಮೇಲೇರಿದರೆ ಆ ವ್ಯಕ್ತಿಯ ಸ್ವಭಾವವೇ ಬದಲಾದಂತೆ ಕಾಣುತ್ತದೆ. ಈ ಹಿಂಜರಿಕೆಯಿಂದ ಪೆನ್ಸಿಲ್ ಗೆರೆಯ ಒಳಗೆ ಜೋಪಾನವಾಗಿ ಬಣ್ಣ ತುಂಬಿದ, ಹೋಲಿಕೆಯಿದ್ದರೂ ಜೀವವಿಲ್ಲದ ಚಿತ್ರಗಳು ಹುಟ್ಟುತ್ತವೆ. ಅದಕ್ಕೆ ಪ್ರತಿಯಾಗಿ, ಭಾವಾಭಿವ್ಯಕ್ತಿಯ ಹೆಸರಿನಲ್ಲಿ ಬಣ್ಣ ಚೆಲ್ಲಿ, ಸಿಡಿಸಿ, ಮುಖದ ರಚನೆಯನ್ನೇ ಕಳೆದುಕೊಂಡ ಚಿತ್ರಗಳೂ ಹುಟ್ಟುತ್ತವೆ. ಎರಡರ ಮೂಲವೂ ಒಂದೇ ಎಂಬುದು ನನ್ನ ಅಭಿಪ್ರಾಯ: ಟೋನ್ ಎಂಬುದು, ಅಂದರೆ ಬಣ್ಣ ಯಾವುದೇ ಇರಲಿ ಅದು ಎಷ್ಟು ತಿಳಿ ಅಥವಾ ಎಷ್ಟು ಗಾಢ ಎಂಬ ಪ್ರಮಾಣ, ಮೊದಲೇ ನಿರ್ಧಾರವಾಗಿರುವುದಿಲ್ಲ. ಟೋನ್ ಸರಿಯಾಗಿದ್ದರೆ ಕೆನ್ನೆ ಹಸಿರಾದರೂ ಮುಖ ಮುಖವಾಗಿಯೇ ಉಳಿಯುತ್ತದೆ. ಟೋನ್ ತಪ್ಪಿದರೆ ಚರ್ಮದ ಬಣ್ಣವನ್ನು ಎಷ್ಟು ನಿಖರವಾಗಿ ಬೆರೆಸಿದರೂ ಪ್ರಯೋಜನವಿಲ್ಲ.

ಜರ್ಮನಿಯ ಎಮಿಲ್ ನೋಲ್ಡೆ (1867–1956) ಹೀರುಗುಣವುಳ್ಳ ಜಪಾನಿ ಕಾಗದದ ಮೇಲೆ ಬರೆದ ತಲೆಗಳಲ್ಲಿ ಹಳದಿ, ನೇರಳೆ, ಕೆಂಪು ಬಣ್ಣಗಳು ಒಂದಕ್ಕೊಂದು ಹರಿದು ಸೇರಿರುತ್ತವೆ. ಆದರೂ ಯಾವ ಮುಖ ದುಃಖದ್ದು, ಯಾವುದು ಹಟದ್ದು ಎಂದು ಹೇಳಲು ನೋಡುಗನಿಗೆ ಕ್ಷಣವೂ ಬೇಕಾಗುವುದಿಲ್ಲ. (ನಾಜಿ ಪಕ್ಷದ ಬೆಂಬಲಿಗನಾಗಿದ್ದೂ 1941ರಲ್ಲಿ ಅದೇ ಆಡಳಿತದಿಂದ ವೃತ್ತಿನಿಷೇಧಕ್ಕೆ ಒಳಗಾದ ಈ ಕಲಾವಿದನ ಬದುಕು ಬೇರೆಯೇ ಚರ್ಚೆಗೆ ಸೇರಿದ್ದು.) ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿ ನೆದರ್ಲೆಂಡ್ಸ್‌ನಲ್ಲಿ ನೆಲೆಸಿರುವ ಮಾರ್ಲೀನ್ ಡ್ಯೂಮಾಸ್ ಅವರ ಮಸಿ ಮತ್ತು ನೀರಿನ ತಲೆಗಳಲ್ಲಿ ಬಣ್ಣವೇ ಇಲ್ಲವೆನ್ನಬಹುದು. ಒಬ್ಬರು ಬಣ್ಣವನ್ನು ಪೂರ್ತಿ ಸಡಿಲಬಿಟ್ಟರು, ಇನ್ನೊಬ್ಬರು ಪೂರ್ತಿ ಕೈಬಿಟ್ಟರು. ಇಬ್ಬರ ಮುಖಗಳೂ ನಿಂತಿರುವುದು ತಿಳಿ ಮತ್ತು ಗಾಢಗಳ ಹಂಚಿಕೆಯ ಮೇಲೆ. ಮುಂದಿನ ಹಂತಗಳನ್ನು ಈ ತಿಳಿವಳಿಕೆಯ ಸುತ್ತಲೇ ಜೋಡಿಸಿದ್ದೇನೆ.

ಕಾಗದ, ಬಣ್ಣ, ಕುಂಚ

ಹಣವನ್ನು ಎಲ್ಲಿಯಾದರೂ ಧಾರಾಳವಾಗಿ ಖರ್ಚು ಮಾಡಬೇಕೆಂದಿದ್ದರೆ ಅದು ಕಾಗದಕ್ಕೆ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ) ತೂಕದ, ಶೇ 100ರಷ್ಟು ಹತ್ತಿಯ, ಕೋಲ್ಡ್ ಪ್ರೆಸ್ಡ್, ಅಂದರೆ ತುಸು ಒರಟಾದ ಮೇಲ್ಮೈಯ ಕಾಗದ ಮುಖಚಿತ್ರಕ್ಕೆ ಸೂಕ್ತ. ಮರದ ತಿರುಳಿನ ಅಗ್ಗದ ಕಾಗದದ ಮೇಲೆ ಬಣ್ಣ ಅಲ್ಲಲ್ಲೇ ಒಣಗಿ ಕಲೆಗಟ್ಟುತ್ತದೆ. ಎರಡನೆಯ ಪದರ ಹಾಕುವಾಗ ಮೊದಲನೆಯದು ಎದ್ದುಬರುತ್ತದೆ. ಕಲಿಯುವವರು ಅದನ್ನು ತಮ್ಮದೇ ಅಸಾಮರ್ಥ್ಯವೆಂದು ತಿಳಿಯುತ್ತಾರೆ. ಹಾಟ್ ಪ್ರೆಸ್ಡ್ ಕಾಗದ ನುಣುಪಾಗಿದ್ದು ಗಡಸು ಅಂಚುಗಳನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ಅದರ ಮೇಲೆ ಬಣ್ಣ ಜಾರುವುದರಿಂದ ಮೊದಲ ಕಾಗದವಾಗಿ ಅದನ್ನು ಆರಿಸಿಕೊಳ್ಳುವುದು ಬೇಡ. ಕರ್ನಾಟಕದಲ್ಲೇ ಹತ್ತಿಬಟ್ಟೆಯ ಚೂರುಗಳಿಂದ ತಯಾರಾಗಿ ವಿದೇಶಗಳಿಗೂ ಹೋಗುವ ಖಾದಿ ಕೈಕಾಗದ ಇನ್ನೊಂದು ಆಯ್ಕೆ; ಅದರ ಮೇಲ್ಮೈ ಏರುಪೇರಾಗಿರುವುದರಿಂದ ದೊಡ್ಡ ಕುಂಚದ ಸಡಿಲ ಕೆಲಸಕ್ಕೆ ಹೊಂದುತ್ತದೆ, ಸಣ್ಣ ಗಾತ್ರದ ಕಣ್ಣುಗಳಿಗೆ ಹೊಂದುವುದಿಲ್ಲ. ಪೂರ್ಣ ಹಾಳೆ 56×76 ಸೆಂಟಿಮೀಟರ್ ಇರುತ್ತದೆ. ಅದರ ಕಾಲು ಭಾಗವನ್ನು ತೆಗೆದುಕೊಂಡು, ಮುಖವನ್ನು ನಿಮ್ಮ ಅಂಗೈಗಿಂತ ದೊಡ್ಡದಾಗಿ ಬರೆಯಿರಿ, ಏಕೆಂದರೆ ಮುಖ ಚಿಕ್ಕದಾದಷ್ಟೂ ಕೈ ಬಿಗಿಯಾಗುತ್ತದೆ.

ಬಣ್ಣಗಳು ಆರು ಸಾಕು: ಯೆಲ್ಲೋ ಓಕರ್, ಬರ್ನ್ಟ್ ಸಿಯೆನ್ನಾ, ಕ್ಯಾಡ್ಮಿಯಂ ರೆಡ್, ಕ್ವಿನಾಕ್ರಿಡೋನ್ ರೋಸ್, ಅಲ್ಟ್ರಾಮರೀನ್ ಮತ್ತು ಸೆರೂಲಿಯನ್ ನೀಲಿ. ಟ್ಯೂಬಿನ ಮೇಲಿನ ಹೆಸರಿಗಿಂತ ಪಿಗ್ಮೆಂಟ್ ಸಂಖ್ಯೆಯನ್ನು, ಅಂದರೆ ಒಳಗಿರುವ ಬಣ್ಣದ ಪುಡಿಯ ಗುರುತನ್ನು, ಓದುವ ಅಭ್ಯಾಸ ಒಳ್ಳೆಯದು. ಪಿಬಿ 29 ಎಂದಿದ್ದರೆ ಅದು ನಿಜವಾದ ಅಲ್ಟ್ರಾಮರೀನ್. ಪಿಆರ್ 83 ಎಂದಿದ್ದರೆ ಅದು ಹಳೆಯ ಅಲಿಜರಿನ್ ಕ್ರಿಮ್ಸನ್, ಬೆಳಕಿಗೆ ಮಾಸುವ ಬಣ್ಣವಾದ್ದರಿಂದ ಗೋಡೆಗೇರುವ ಚಿತ್ರಕ್ಕೆ ಬೇಡ. 'ಫ್ಲೆಶ್ ಟಿಂಟ್' ಎಂಬ ಸಿದ್ಧಬಣ್ಣವನ್ನು ಕೊಳ್ಳಲೇಬೇಡಿ. ಅದು ಬಿಳಿ ಬೆರೆತ ಒಂದು ತೆಳು ಗುಲಾಬಿ. ನಮ್ಮ ನಾಡಿನ ಯಾವ ಮುಖಕ್ಕೂ ಅದು ಸಲ್ಲುವುದಿಲ್ಲ, ಜಲವರ್ಣದ ಪಾರದರ್ಶಕತೆಯನ್ನೂ ಕೆಡಿಸುತ್ತದೆ. ಕಪ್ಪೂ ಬೇಕಿಲ್ಲ. ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಸಿಯೆನ್ನಾ ಗಟ್ಟಿಯಾಗಿ ಸೇರಿದರೆ ಕಪ್ಪಿಗೆ ಹತ್ತಿರವಾದ, ಆದರೆ ಜೀವವಿರುವ ಗಾಢ ಬಣ್ಣ ಸಿಗುತ್ತದೆ. ಅದರಲ್ಲಿ ನೀಲಿ ಹೆಚ್ಚಾದರೆ ತಂಪು, ಕಂದು ಹೆಚ್ಚಾದರೆ ಬೆಚ್ಚಗೆ.

ತುದಿ ಚೂಪಾಗಿ ನಿಲ್ಲುವ 12ನೇ ಸಂಖ್ಯೆಯ ದುಂಡು ಕುಂಚವೊಂದು ಮುಕ್ಕಾಲು ಕೆಲಸ ಮಾಡುತ್ತದೆ. ಜೊತೆಗೆ ಒಂದು 6ನೇ ಸಂಖ್ಯೆಯದು, ಎರಡು ಲೋಟ ನೀರು, ಹಳೆಯ ಹತ್ತಿಬಟ್ಟೆ ಇದ್ದರೆ ಸಾಕು.

ಮುಖವನ್ನು ಬೆಳಕಿನಲ್ಲಿ ಕೂರಿಸುವುದು

ಎದುರಿನಿಂದ ಫ್ಲ್ಯಾಶ್ ಹಾಕಿ ತೆಗೆದ ಫೋಟೊದಲ್ಲಿ ನೆರಳೇ ಇರುವುದಿಲ್ಲ. ಅಂಥದ್ದನ್ನು ನೋಡಿ ಬರೆಯುವಾಗ ಕಣ್ಣು, ಮೂಗು, ಬಾಯಿಗಳನ್ನು ಗೆರೆಗಳಿಂದಲೇ ಹೇಳಬೇಕಾಗುತ್ತದೆ. ಆದ್ದರಿಂದ ವ್ಯಕ್ತಿಯನ್ನು ಒಂದು ಕಿಟಕಿಯ ಪಕ್ಕ ಕೂರಿಸಿ, ಕೋಣೆಯ ದೀಪಗಳನ್ನು ಆರಿಸಿ, ಮುಖದ ಒಂದು ಬದಿ ಬೆಳಕಿನಲ್ಲೂ ಇನ್ನೊಂದು ಬದಿ ನೆರಳಿನಲ್ಲೂ ಇರುವಂತೆ ನೋಡಿಕೊಳ್ಳಿ. ಮೊಬೈಲಿನಲ್ಲಿ ತೀರ ಹತ್ತಿರದಿಂದ ಫೋಟೊ ತೆಗೆದರೆ ಮೂಗು ದೊಡ್ಡದಾಗಿ, ಕಿವಿಗಳು ಹಿಂದೆ ಸರಿದು ಮುಖ ವಿಕಾರಗೊಳ್ಳುತ್ತದೆ. ಎರಡು ಮೀಟರ್ ದೂರ ನಿಂತು ಜೂಮ್ ಮಾಡಿ ತೆಗೆಯಿರಿ. ಮನೆಯ ಹಿರಿಯರ ಮುಖಗಳು ಅಭ್ಯಾಸಕ್ಕೆ ಬಹಳ ಒಳ್ಳೆಯವು, ಏಕೆಂದರೆ ಅಲ್ಲಿ ಮೂಳೆಯ ರಚನೆ ಸ್ಪಷ್ಟವಾಗಿರುತ್ತದೆ. ಮಕ್ಕಳ ನುಣುಪು ಮುಖ, ಎಲ್ಲರೂ ಮೊದಲು ಬರೆಯಲು ಬಯಸಿದರೂ, ತುಂಬ ಕಷ್ಟದ್ದು. ಅಪರಿಚಿತರ ಫೋಟೊ ತೆಗೆಯುವುದಾದರೆ ಅವರನ್ನು ಕೇಳಿಯೇ ತೆಗೆಯಬೇಕು.

ಅಂಗೈಯಲ್ಲಿ ಹಿಡಿಸುವ ಟೋನ್ ಅಧ್ಯಯನ

ಇಡೀ ಕ್ರಮದಲ್ಲಿ ಅತ್ಯಂತ ಮುಖ್ಯವಾದದ್ದೂ ಹೆಚ್ಚಿನವರು ಹಾರಿ ಮುಂದೆ ಹೋಗುವುದೂ ಈ ಹಂತವನ್ನೇ. ಫೋಟೊವನ್ನು ಮೊಬೈಲಿನಲ್ಲಿ ಕಪ್ಪು-ಬಿಳುಪಿಗೆ ತಿರುಗಿಸಿ, ಕಣ್ಣುಗಳನ್ನು ಅರೆ ಮುಚ್ಚಿ ನೋಡಿ. ವಿವರಗಳು ಕರಗಿ ಎರಡು ಮೂರು ದೊಡ್ಡ ಆಕಾರಗಳು ಮಾತ್ರ ಉಳಿಯುತ್ತವೆ. ಸುಮಾರು 6×8 ಸೆಂಟಿಮೀಟರಿನ ಚೌಕಟ್ಟಿನೊಳಗೆ, ಒಂದೇ ಗಾಢ ಬಣ್ಣವನ್ನು ಬಳಸಿ, ಈ ಆಕಾರಗಳನ್ನು ಮೂರೇ ಟೋನ್‌ಗಳಲ್ಲಿ ಬರೆಯಿರಿ: ಕಾಗದದ ಬಿಳುಪು, ನಡುವಣ ಬೂದು, ಅತಿ ಗಾಢ. ನಾಲ್ಕನೆಯದಕ್ಕೆ ಆಸೆ ಪಡಬೇಡಿ.

ಇಲ್ಲಿ ಕಂಡುಕೊಳ್ಳಬೇಕಾದದ್ದು ನೆರಳುಗಳ ನಡುವಿನ ಸಂಬಂಧ. ಕಣ್ಣುಗುಳಿಯ ನೆರಳು, ಮೂಗಿನ ಪಕ್ಕದ ನೆರಳು, ಮೂಗಿನ ಕೆಳಗಿನದು, ಬಾಗಿರುವುದರಿಂದ ಸಾಮಾನ್ಯವಾಗಿ ನೆರಳಿನಲ್ಲೇ ಇರುವ ಮೇಲ್ದುಟಿ, ಕೆಳದುಟಿಯ ಕೆಳಗಿನ ಕುಳಿ, ಗಲ್ಲದ ಕೆಳಗೆ ಕತ್ತಿನ ಮೇಲೆ ಬಿದ್ದಿರುವ ನೆರಳು: ಇವು ಬೇರೆ ಬೇರೆ ತುಣುಕುಗಳಲ್ಲ. ಪಕ್ಕದಿಂದ ಬೆಳಕು ಬಿದ್ದ ಮುಖದಲ್ಲಿ ಇವು ಹೆಚ್ಚು ಕಡಿಮೆ ಒಂದಕ್ಕೊಂದು ಅಂಟಿಕೊಂಡು, ಹುಬ್ಬಿನಿಂದ ಕೊರಳಿನವರೆಗೆ ಇಳಿಯುವ ಒಂದೇ ಆಕಾರವಾಗುತ್ತವೆ. ಆ ಆಕಾರವನ್ನು ಒಮ್ಮೆ ಗುರುತಿಸಿದರೆ ಕಣ್ಣನ್ನು ಕಣ್ಣೆಂದು, ಮೂಗನ್ನು ಮೂಗೆಂದು ಪ್ರತ್ಯೇಕವಾಗಿ ಬರೆಯುವ ಅವಶ್ಯಕತೆ ಬಹುಮಟ್ಟಿಗೆ ತಪ್ಪುತ್ತದೆ. ಒಂದೇ ಮುಖಕ್ಕೆ ಇಂಥ ನಾಲ್ಕಾರು ಅಧ್ಯಯನಗಳನ್ನು ಮಾಡಿ, ಒಂದರಲ್ಲಿ ಹಿನ್ನೆಲೆಯನ್ನು ಗಾಢವಾಗಿಸಿ, ಇನ್ನೊಂದರಲ್ಲಿ ಬಿಳಿಯಾಗಿ ಬಿಟ್ಟು ನೋಡಿ. ಯಾವುದರಲ್ಲಿ ಆ ವ್ಯಕ್ತಿಯ ಮನಃಸ್ಥಿತಿ ಹತ್ತಿರವಾಗಿದೆಯೆನಿಸುತ್ತದೋ ಅದನ್ನು ಬೋರ್ಡಿನ ಪಕ್ಕ ಅಂಟಿಸಿಕೊಳ್ಳಿ. ಮುಂದೆ ಫೋಟೊಗಿಂತ ಹೆಚ್ಚಾಗಿ ಇದನ್ನೇ ನೋಡಬೇಕು.

ರೇಖೆ

ಬಿ ಅಥವಾ 2ಬಿ ಪೆನ್ಸಿಲಿನಿಂದ ಹಗುರವಾಗಿ ಬರೆಯಿರಿ. ಸಾಮಾನ್ಯ ಪ್ರಮಾಣಗಳು ಎಲ್ಲರಿಗೂ ಗೊತ್ತಿರುವಂಥವೇ: ನೆತ್ತಿಯಿಂದ ಗಲ್ಲದವರೆಗಿನ ಅಳತೆಯ ಸರಿಸುಮಾರು ಮಧ್ಯದಲ್ಲಿ ಕಣ್ಣುಗಳ ಸಾಲು, ಎರಡು ಕಣ್ಣುಗಳ ನಡುವೆ ಒಂದು ಕಣ್ಣಿನಷ್ಟು ಅಂತರ, ಹುಬ್ಬು ಮತ್ತು ಮೂಗಿನ ಬುಡದ ನಡುವಿನ ಎತ್ತರದಲ್ಲಿ ಕಿವಿ. ಆದರೆ ಹೋಲಿಕೆ ಬರುವುದು ಈ ಪ್ರಮಾಣಗಳಿಂದಲ್ಲ, ಅವುಗಳಿಂದ ಆ ಮುಖ ಎಲ್ಲಿ ತಪ್ಪಿಸಿಕೊಂಡಿದೆ ಎಂಬುದರಿಂದ. ಒಂದು ಹುಬ್ಬು ಮೇಲಿರಬಹುದು, ಮೂಗು ಸ್ವಲ್ಪ ಓರೆಯಾಗಿರಬಹುದು, ಒಂದು ಕಣ್ಣಿನ ರೆಪ್ಪೆ ಹೆಚ್ಚು ಇಳಿದಿರಬಹುದು. ಇವನ್ನು ಸರಿಪಡಿಸದೆ, ಬೇಕಾದರೆ ಕೊಂಚ ಹೆಚ್ಚಿಸಿಯೇ ಬರೆಯಿರಿ. ನೆರಳಿನ ಆಕಾರದ ಗಡಿಯನ್ನೂ ತೆಳುಗೆರೆಯಲ್ಲಿ ಗುರುತಿಸಿಕೊಳ್ಳಿ. ರಬ್ಬರಿನಿಂದ ಪದೇ ಪದೇ ಉಜ್ಜಿದರೆ ಕಾಗದದ ಮೇಲಿನ ಅಂಟಿನ ಲೇಪ ಹಾಳಾಗಿ ಅಲ್ಲಿ ಬಣ್ಣ ಇಂಗಿಹೋಗುತ್ತದೆ. ತಿದ್ದುವುದು ಹೆಚ್ಚಿದ್ದರೆ ಬೇರೆ ಹಾಳೆಯಲ್ಲಿ ತಿದ್ದಿ, ಕಿಟಕಿಯ ಗಾಜಿನ ಮೇಲಿಟ್ಟು ನಕಲು ತೆಗೆಯುವುದು ಲೇಸು.

ಮೊದಲ ವಾಶ್: ಬೆಳಕಿನ ಬಣ್ಣ

ಬೋರ್ಡಿನ ಮೇಲ್ತುದಿಯ ಕೆಳಗೆ ಒಂದು ದಪ್ಪ ಪುಸ್ತಕವಿಟ್ಟು ಇಳಿಜಾರು ಮಾಡಿಕೊಳ್ಳಿ. ಬಣ್ಣದ ಗಟ್ಟಿತನಕ್ಕೆ ಮನೆಯ ಅಳತೆಯೇ ಸಾಕು: ಮೊದಲ ವಾಶ್ (ನೀರಿನಲ್ಲಿ ಕರಗಿಸಿ ಹರಿಸುವ ಬಣ್ಣದ ಪದರ) ತಿಳಿಸಾರಿನಷ್ಟು ತೆಳು, ನೆರಳಿನದು ಮಜ್ಜಿಗೆಯಷ್ಟು, ಕೊನೆಯ ಗಾಢ ಸ್ಪರ್ಶಗಳು ಗಟ್ಟಿ ಮೊಸರಿನಷ್ಟು. ಮೂಗಿನ ತುದಿ, ಹಣೆ ಮತ್ತು ಕೆನ್ನೆಯ ಮೂಳೆಯ ಮೇಲೆ ಅತಿ ಬೆಳಕು ಬಿದ್ದಿರುವ ಜಾಗಗಳನ್ನು ಬಿಟ್ಟು, ಹಣೆಯಿಂದ ಆರಂಭಿಸಿ ಕೊರಳಿನವರೆಗೆ ಮುಖವನ್ನೆಲ್ಲ ತೆಳುಬಣ್ಣದಿಂದ ಮುಚ್ಚಿ. ಇಳಿಯುತ್ತಿದ್ದಂತೆ ಕುಂಚದಲ್ಲಿನ ಬಣ್ಣವನ್ನು ಬದಲಿಸುತ್ತಿರಿ: ಹಣೆಯಲ್ಲಿ ಓಕರ್, ರಕ್ತ ಹೆಚ್ಚು ಹರಿಯುವ ಮೂಗು, ಕೆನ್ನೆ, ಕಿವಿಗಳಲ್ಲಿ ಸಿಯೆನ್ನಾ ಜೊತೆ ರೋಸ್ ಅಥವಾ ಕೆಂಪು, ಗಲ್ಲ ಮತ್ತು ದವಡೆಯತ್ತ ಸ್ವಲ್ಪ ಸೆರೂಲಿಯನ್. ಗಡ್ಡ ಬೋಳಿಸಿದ ಗಂಡಸರ ದವಡೆಯಲ್ಲಿ ಈ ನೀಲಿ ಎದ್ದು ಕಾಣುತ್ತದೆ. ಕಣ್ಣು, ತುಟಿಗಳ ಮೇಲೂ ವಾಶ್ ಹರಿಯಲಿ. ಮುಖದ ಗಡಿಯಲ್ಲಿ ನಿಲ್ಲದೆ ಕೂದಲಿಗೋ ಹಿನ್ನೆಲೆಗೋ ಒಂದೆರಡು ಕಡೆ ಬಣ್ಣ ದಾಟಿ ಹೋಗಲಿ. ಚಿತ್ರದ ಸಡಿಲತೆ ಆರಂಭವಾಗುವುದು ಈ ದಾಟುವಿಕೆಯಿಂದಲೇ.

ಕಂದು ಮತ್ತು ಕಪ್ಪು ಚರ್ಮದ ಬಗ್ಗೆ ಒಂದು ಮಾತು ಬೇಕು, ಏಕೆಂದರೆ ಜನಪ್ರಿಯ ಮಾರ್ಗದರ್ಶಿಗಳ ಬಹುಪಾಲು ಬಿಳಿಯ ಚರ್ಮವನ್ನು ಮನಸ್ಸಿನಲ್ಲಿಟ್ಟುಕೊಂಡಿವೆ. ಗಾಢ ಚರ್ಮ ಬೆಳಕನ್ನು ಹೆಚ್ಚು ಹೀರಿಕೊಳ್ಳುವುದರಿಂದ ಅದರ ಮೇಲಿನ ಹೊಳಪು ಎದ್ದು ಕಾಣುತ್ತದೆ, ಮತ್ತು ಆ ಹೊಳಪು ಚರ್ಮದ ಬಣ್ಣದ್ದಾಗಿರದೆ ಸುತ್ತಲಿನ ಬೆಳಕಿನ ಬಣ್ಣದ್ದಾಗಿರುತ್ತದೆ. ಆಕಾಶದತ್ತ ತೆರೆದ ಕಿಟಕಿಯ ಪಕ್ಕ ಕುಳಿತವರ ಹಣೆಯ ಹೊಳಪಿನಲ್ಲಿ ತೆಳುವಾದ ನೀಲಿ ಇರುತ್ತದೆ. ಆದ್ದರಿಂದ ಹೊಳಪಿನ ಜಾಗದಲ್ಲಿ ತೀರ ತೆಳು ಸೆರೂಲಿಯನ್ ಇಟ್ಟು, ಅದರ ಸುತ್ತ ಸಿಯೆನ್ನಾ ಮತ್ತು ರೋಸ್‌ನ ಬೆಚ್ಚನೆಯ ವಾಶ್ ಹರಿಸಿದರೆ ಚರ್ಮ ಬೆಳಗುತ್ತದೆ. ಕಂದನ್ನು ನೀರಿಲ್ಲದೆ ದಪ್ಪವಾಗಿ ಬಳಿದು ಗಾಢತೆ ತರಲು ಹೋದರೆ ಮುಖ ಮಂಕಾಗುತ್ತದೆ. ಪಾರದರ್ಶಕವಾದ ಎರಡು ಮೂರು ಪದರಗಳಲ್ಲಿ ಅದನ್ನು ಸಾಧಿಸಬೇಕು.

ನೀರಿನ ವೇಳೆ

ಈಗ ಮಾಡಬೇಕಾದದ್ದು ಕಾಯುವುದು, ಮತ್ತು ಎಷ್ಟು ಹೊತ್ತು ಎಂಬುದನ್ನು ಗಡಿಯಾರ ಹೇಳಲಾರದು. ಜುಲೈ ತಿಂಗಳ ಮಂಗಳೂರಿನಲ್ಲಿ ಒಂದು ವಾಶ್ ಬಹಳ ಹೊತ್ತು ಒದ್ದೆಯಾಗಿಯೇ ಇರುತ್ತದೆ. ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ ಫ್ಯಾನಿನ ಕೆಳಗೆ ಕುಳಿತರೆ ಗಲ್ಲಕ್ಕೆ ಬರುವಷ್ಟರಲ್ಲಿ ಹಣೆ ಒಣಗಿರುತ್ತದೆ. ದುಬೈಯಲ್ಲೋ ಡಲ್ಲಾಸ್‌ನಲ್ಲೋ ಎ.ಸಿ. ಕೋಣೆಯಲ್ಲಿ ಬರೆಯುವವರ ಅನುಭವವೂ ಇದೇ. ಹಾಗಾಗಿ ಕಾಗದವನ್ನು ಬೆಳಕಿಗೆ ಓರೆಯಾಗಿ ಹಿಡಿದು ಅದರ ಹೊಳಪನ್ನು ನೋಡಬೇಕು. ನೀರು ಕನ್ನಡಿಯಂತೆ ಹೊಳೆಯುತ್ತಿದ್ದರೆ ಆಗ ಹಾಕಿದ ಬಣ್ಣ ಆಕಾರವಿಲ್ಲದೆ ಹರಡಿ ಹೋಗುತ್ತದೆ. ಹೊಳಪು ಮಂದವಾದಾಗ ಹಾಕಿದ ಗಟ್ಟಿಬಣ್ಣ ಇಟ್ಟಲ್ಲಿ ಉಳಿದು ಅಂಚು ಮಾತ್ರ ಮೆತ್ತಗಾಗುತ್ತದೆ. ಕೆನ್ನೆಯ ಕೆಂಪು, ಕಣ್ಣುಗುಳಿಯ ಆರಂಭದ ನೆರಳು, ಕೂದಲಿನ ಬುಡ ಇವಕ್ಕೆಲ್ಲ ಇದೇ ಸಮಯ. ಹೊಳಪು ಹೋಗಿ ಮುಟ್ಟಿದರೆ ತಣ್ಣಗಿರುವ ಸ್ಥಿತಿ ಅಪಾಯಕಾರಿ: ಆಗ ನೀರು ತುಂಬಿದ ಕುಂಚ ತಾಗಿದರೆ ಆ ನೀರು ಬಣ್ಣದ ಕಣಗಳನ್ನು ಹೊರಕ್ಕೆ ತಳ್ಳಿ ಬ್ಲೂಮ್ ಎಂಬ ಹಲ್ಲುಹಲ್ಲಾದ ಕಲೆಯನ್ನು ಮೂಡಿಸುತ್ತದೆ. ಹಿನ್ನೆಲೆಯಲ್ಲಿ ಅದು ಚೆಂದವೇ ಇರಬಹುದು, ಕೆನ್ನೆಯ ಮಧ್ಯದಲ್ಲಿ ಗಾಯದಂತೆ ಕಾಣುತ್ತದೆ. ಕಾಗದದಲ್ಲಿ ಎಷ್ಟು ನೀರಿದೆಯೋ ಅದಕ್ಕಿಂತ ಕಡಿಮೆ ನೀರು ಕುಂಚದಲ್ಲಿರಬೇಕು ಎಂಬ ಒಂದೇ ನಿಯಮವನ್ನು ಪಾಲಿಸಿದರೆ ಈ ತೊಂದರೆ ಬಹುಪಾಲು ತಪ್ಪುತ್ತದೆ.

ನೆರಳಿನ ಒಂದೇ ಆಕಾರ

ಮೊದಲ ವಾಶ್ ಪೂರ್ತಿ ಒಣಗಿದ ಮೇಲೆ, ಅಧ್ಯಯನದಲ್ಲಿ ಕಂಡುಕೊಂಡ ನೆರಳಿನ ಆಕಾರವನ್ನು ದೊಡ್ಡ ಕುಂಚದಿಂದ, ಎಲ್ಲಿಯೂ ನಿಲ್ಲದೆ, ಹುಬ್ಬಿನಿಂದ ಕೊರಳಿನವರೆಗೆ ಒಂದೇ ಓಟದಲ್ಲಿ ಬರೆಯಿರಿ. ಜಲವರ್ಣ ಒಣಗಿದಾಗ ತಿಳಿಯಾಗುವುದರಿಂದ, ಒದ್ದೆಯಿದ್ದಾಗ ಅದು ಬೇಕಾದುದಕ್ಕಿಂತ ಗಾಢವಾಗಿ ಕಾಣಬೇಕು. ಹೆದರಿ ತೆಳು ಮಾಡಿದರೆ ಆಮೇಲೆ ಪದರದ ಮೇಲೆ ಪದರ ಹಾಕಿ ಕೆಸರಾಗಿಸಬೇಕಾಗುತ್ತದೆ.

ಬಣ್ಣಕ್ಕೆ ಸ್ವಾತಂತ್ರ್ಯ ಕೊಡುವ ಜಾಗವೂ ಇದೇ. ಆಕಾರ ಒದ್ದೆಯಿರುವಾಗಲೇ, ಟೋನ್ ಬದಲಾಗದಂತೆ ಎಚ್ಚರವಹಿಸಿ, ಅದರೊಳಗೆ ಬೇರೆ ಬೇರೆ ಬಣ್ಣಗಳನ್ನು ತೊಟ್ಟಿಕ್ಕಿಸಿ: ಕಣ್ಣುಗುಳಿಯಲ್ಲಿ ಅಲ್ಟ್ರಾಮರೀನ್, ಮೂಗಿನ ಬದಿಯಲ್ಲಿ ಕ್ಯಾಡ್ಮಿಯಂ ಕೆಂಪು, ದವಡೆಯಲ್ಲಿ ಹಸಿರಿನತ್ತ ತಿರುಗಿದ ಸೆರೂಲಿಯನ್, ಅಂಗಿಯ ಬಣ್ಣ ಪ್ರತಿಫಲಿಸುವ ಗಲ್ಲದ ಅಡಿಯಲ್ಲಿ ಬೆಚ್ಚನೆಯ ಓಕರ್. ಇವನ್ನು ಪ್ಯಾಲೆಟ್ಟಿನಲ್ಲಿ ಬೆರೆಸಬೇಡಿ, ಕಾಗದದ ಮೇಲೆ ತಾವಾಗಿ ಸೇರಲಿ. ನಗುವಿನ ಮುಖಕ್ಕೆ ಬೆಚ್ಚನೆಯ ನೆರಳು, ದುಃಖಕ್ಕೆ ನೀಲಿ ಎಂಬ ಸರಳ ಸೂತ್ರಗಳನ್ನು ನಾನು ನಂಬುವುದಿಲ್ಲ. ಕೆಂಪು ನೆರಳಿನ ಮುಖವೂ ದಣಿದಂತೆ ಕಾಣಬಲ್ಲದು.

ಬಳಿಕ ಅಂಚುಗಳ ಸರದಿ. ಒಂದರ ನೆರಳು ಇನ್ನೊಂದರ ಮೇಲೆ ಬಿದ್ದಲ್ಲಿ, ಉದಾಹರಣೆಗೆ ಮೂಗಿನ ನೆರಳು ಮೇಲ್ದುಟಿಯ ಮೇಲೆ ಬಿದ್ದಲ್ಲಿ, ಅಂಚು ಗಡಸಾಗಿರಲಿ. ಮೈ ದುಂಡಾಗಿ ತಿರುಗುವ ಹಣೆ, ಕೆನ್ನೆ, ಗಲ್ಲಗಳಲ್ಲಿ ಒದ್ದೆ ಅಂಚಿನ ಪಕ್ಕಕ್ಕೆ, ಅದರ ಮೇಲಲ್ಲ, ಹಿಂಡಿದ ಶುದ್ಧ ಕುಂಚವನ್ನು ಎಳೆದು ಬಣ್ಣ ತಾನೇ ಅತ್ತ ಹರಿಯುವಂತೆ ಮಾಡಿ. ನೆರಳಿನ ಬದಿಯ ದವಡೆ ಮತ್ತು ಗಾಢ ಹಿನ್ನೆಲೆ ಒಂದೇ ಟೋನ್‌ನಲ್ಲಿದ್ದರೆ ಅವೆರಡರ ನಡುವಿನ ಗಡಿಯನ್ನು ಅಳಿಸಿಯೇಬಿಡಿ. ನೋಡುವವರ ಕಣ್ಣು ಆ ಗಡಿಯನ್ನು ತಾನೇ ಪೂರ್ತಿಗೊಳಿಸಿಕೊಳ್ಳುತ್ತದೆ.

ಕಣ್ಣು, ಬಾಯಿ, ಕೂದಲು

ಇಷ್ಟು ಸರಿಯಾಗಿದ್ದರೆ ಮುಂದಿನ ಕೆಲಸ ಸ್ವಲ್ಪವೇ. ಕಣ್ಣಿನ ಬಿಳುಪು ಎಂದಿಗೂ ಬಿಳಿಯಲ್ಲ. ಅದರ ಮೇಲೆ ರೆಪ್ಪೆಯ ನೆರಳಿರುತ್ತದೆ, ಮೊದಲ ವಾಶ್‌ನ ಬಣ್ಣವೇ ಅದಕ್ಕೆ ಸಾಕು. ಮೇಲ್ರೆಪ್ಪೆಯ ಅಡಿಯ ಗೆರೆಯನ್ನೂ ಕಣ್ಣಿನ ಪಾಪೆಯನ್ನೂ ಒಂದೇ ಗಾಢ ಸ್ಪರ್ಶದಲ್ಲಿ ಸೇರಿಸಿ ಬರೆಯಿರಿ, ಕೆಳರೆಪ್ಪೆಯನ್ನು ಸೂಚಿಸಿದರಷ್ಟೇ ಸಾಕು. ಎರಡು ಕಣ್ಣುಗಳಿಗೂ ಸಮಾನ ವಿವರ ಕೊಟ್ಟರೆ ಮುಖ ಗೊಂಬೆಯ ಮುಖವಾಗುತ್ತದೆ. ಬೆಳಕಿನ ಬದಿಯ ಕಣ್ಣಿಗೆ ಹೆಚ್ಚು, ನೆರಳಿನ ಕಣ್ಣಿಗೆ ಕಡಿಮೆ. ಬಾಯಿಯಲ್ಲಿ ಮುಖ್ಯವಾದದ್ದು ತುಟಿಗಳ ನಡುವಿನ ಗೆರೆ, ಅದರಲ್ಲೂ ಅದರ ಎರಡು ತುದಿಗಳು. ಭಾವ ನೆಲೆಸಿರುವುದು ತುಟಿ ಮತ್ತು ಕಣ್ಣುಗಳ ಈ ತುದಿಗಳಲ್ಲೇ, ಆದ್ದರಿಂದ ಅವನ್ನು ಮೆತ್ತಗೆ ಬಿಡಿ. ತುದಿಗೆ ಚುಕ್ಕೆಯಿಟ್ಟಂತೆ ಮುಗಿಸಿದರೆ ಭಾವ ಒಂದೇ ಅರ್ಥಕ್ಕೆ ಗಟ್ಟಿಯಾಗುತ್ತದೆ. ಹಲ್ಲುಗಳನ್ನು ಎಣಿಸಿ ಬರೆಯುವುದು ಬೇಡ. ಕೂದಲನ್ನು ಎಳೆಎಳೆಯಾಗಿ ಬರೆಯದೆ ಒಂದು ಗಾಢ ರಾಶಿಯಾಗಿ ಇಟ್ಟು, ಹಣೆಯ ಬಳಿ ಮೆತ್ತಗೆ ಕೂಡಿಸಿ, ಹೊರಬದಿಯಲ್ಲಿ ಹಿನ್ನೆಲೆಗೆ ಕರಗಿಸಿ. ಬಣ್ಣ ಸಿಡಿಸುವುದಾಗಲಿ ಇಳಿಬಿಡುವುದಾಗಲಿ ಇಷ್ಟವಾದರೆ ಈ ಹೊರ ಅಂಚುಗಳಲ್ಲಿ ಮಾಡಬಹುದು. ಒದ್ದೆ ಬಣ್ಣಕ್ಕೆ ಉಪ್ಪು ಉದುರಿಸಿ ಮೂಡಿಸುವ ನಕ್ಷತ್ರಗಳನ್ನು ಮಾತ್ರ ಮುಖಚಿತ್ರದಿಂದ ದೂರವಿಡುವುದು ವಾಸಿ. ನೋಡುಗರ ಗಮನ ಮುಖ ಬಿಟ್ಟು ಆ ಚಮತ್ಕಾರದ ಕಡೆ ಹೋಗುತ್ತದೆ.

ಕೆಟ್ಟದ್ದನ್ನು ತೊಳೆಯುವುದು

ಸಣ್ಣ ತಪ್ಪುಗಳಿಗೆ, ಒಣಗಿದ ಜಾಗವನ್ನು ಒದ್ದೆ ಕುಂಚದಿಂದ ಮೃದುವಾಗಿ ತೋಯಿಸಿ ಬಟ್ಟೆಯಿಂದ ಒತ್ತಿ ತೆಗೆಯಬಹುದು. ಅಲ್ಟ್ರಾಮರೀನ್ ಸುಲಭವಾಗಿ ಏಳುತ್ತದೆ, ಕ್ವಿನಾಕ್ರಿಡೋನ್ ರೋಸ್ ಕಾಗದಕ್ಕೆ ಹಿಡಿದುಕೊಳ್ಳುತ್ತದೆ. ಇಡೀ ಚಿತ್ರವೇ ಗದ್ದಲವಾಗಿದ್ದರೆ ನಮ್ಮದೇ ದೇಶದ ಒಂದು ಪರಿಹಾರವಿದೆ. 1903ರಲ್ಲಿ ಕಲ್ಕತ್ತೆಗೆ ಬಂದ ಜಪಾನಿನ ಚಿತ್ರಕಾರರಾದ ಯೊಕೊಯಾಮಾ ತೈಕಾನ್ ಮತ್ತು ಹಿಶಿದಾ ಶುನ್ಸೋ ಅವರ ಸಂಪರ್ಕದಿಂದ ಬಂಗಾಳದ ಕಲಾವಿದ ಅವನೀಂದ್ರನಾಥ ಟಾಗೋರರು ರೂಢಿಸಿದ ವಾಶ್ ಪದ್ಧತಿಯಲ್ಲಿ, ಬರೆದ ಹಾಳೆಯನ್ನು ನೀರಿನಲ್ಲಿ ಮುಳುಗಿಸಿ, ಅದರ ಮೇಲೆ ಮತ್ತೆ ತೆಳುಬಣ್ಣ ಹರಿಸಿ, ಮತ್ತೆ ಮುಳುಗಿಸುತ್ತಿದ್ದರು. ಹಾಗೆ ಮಾಡಿದಾಗ ಗಡಸುತನವೆಲ್ಲ ಹೋಗಿ ಚಿತ್ರಕ್ಕೆ ಒಂದೇ ಬಗೆಯ ಮಂಜು ಕವಿಯುತ್ತದೆ. ಮೈಸೂರು ಸಂಸ್ಥಾನದ ಕೆ. ವೆಂಕಟಪ್ಪನವರು (1886–1965) ಕಲ್ಕತ್ತೆಯಲ್ಲಿ ಕಲಿತದ್ದು ಅವನೀಂದ್ರನಾಥರ ಬಳಿಯೇ. ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿ ಇರುವುದು ಇವರ ಹೆಸರಿನಲ್ಲಿ. ಹತ್ತಿಯ ಕಾಗದದ ಮೇಲಿನ, ಒಂದು ದಿನವಾದರೂ ಒಣಗಿದ ಚಿತ್ರವನ್ನು ಅಗಲವಾದ ತಟ್ಟೆಯ ನೀರಿನಲ್ಲಿ ನಿಧಾನವಾಗಿ ಅದ್ದಿ ತೆಗೆಯಿರಿ, ಉಜ್ಜಬೇಡಿ. ಅರ್ಧ ಒಣಗಿದಾಗ ಕಣ್ಣಿನ ರೆಪ್ಪೆ, ಮೂಗಿನ ಹೊಳ್ಳೆ, ತುಟಿಗಳ ನಡುವಿನ ಗೆರೆ ಇಷ್ಟನ್ನೇ ಗಟ್ಟಿಬಣ್ಣದಿಂದ ಮತ್ತೆ ಹೇಳಿ. ಕೆಟ್ಟಿತೆಂದು ಬದಿಗಿಟ್ಟ ಮುಖಗಳಲ್ಲಿ ಕೆಲವು ಹೀಗೆ, ಮೊದಲು ಯೋಜಿಸಿದ್ದಕ್ಕಿಂತ ಹೆಚ್ಚು ಮಾತಾಡುವ ಚಿತ್ರಗಳಾಗುತ್ತವೆ.

ಯಾವಾಗ ನಿಲ್ಲಿಸಬೇಕು ಎಂಬ ಪ್ರಶ್ನೆಗೆ ಒಂದು ಪರೀಕ್ಷೆಯಿದೆ. ಚಿತ್ರವನ್ನು ಮೊಬೈಲಿನಲ್ಲಿ ಕಪ್ಪು-ಬಿಳುಪಾಗಿ ತೆಗೆದು, ಟೋನ್ ಅಧ್ಯಯನದ ಪಕ್ಕ ಇಟ್ಟು ನೋಡಿ. ಅವೆರಡೂ ಹೊಂದಿಕೊಂಡರೆ, ಬಿಟ್ಟುಹೋದ ಕಿವಿಯನ್ನೋ ಅರ್ಧಕ್ಕೆ ನಿಂತ ಕಾಲರನ್ನೋ ಪೂರ್ತಿಗೊಳಿಸಲು ಮತ್ತೆ ಕುಂಚ ಎತ್ತಬೇಡಿ. ಹೊಂದದಿದ್ದರೆ ಸಾಮಾನ್ಯವಾಗಿ ಕೊರತೆಯಿರುವುದು ಗಾಢ ಟೋನ್‌ನಲ್ಲಿ. ಕೂದಲು ಮತ್ತು ಕೊರಳಿನ ನೆರಳನ್ನು ಒಂದು ಮೆಟ್ಟಿಲು ಗಾಢವಾಗಿಸಿದರೆ ಮುಖದ ಬೆಳಕು ತಾನಾಗಿ ಏಳುತ್ತದೆ. ಮುಗಿದ ಚಿತ್ರವನ್ನು ಆಮ್ಲರಹಿತ ಮೌಂಟ್ ಬೋರ್ಡಿನೊಂದಿಗೆ, ಗಾಜು ಕಾಗದಕ್ಕೆ ತಾಗದಂತೆ ಚೌಕಟ್ಟು ಹಾಕಿಸಿ, ಬಿಸಿಲು ನೇರವಾಗಿ ಬೀಳದ ಗೋಡೆಗೆ ತೂಗುಹಾಕಿ. ಕರಾವಳಿ ಮತ್ತು ಮಲೆನಾಡಿನವರು ಮಳೆಗಾಲದಲ್ಲಿ ಹೊರಗೋಡೆಯನ್ನು ತಪ್ಪಿಸಬೇಕು, ಏಕೆಂದರೆ ತೇವ ಹಿಡಿದ ಹತ್ತಿಯ ಕಾಗದದ ಮೇಲೆ ಬೂಷ್ಟು ಬೇಗ ಬರುತ್ತದೆ. ಚೌಕಟ್ಟಿಲ್ಲದ ಹಾಳೆಗಳನ್ನು ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಮುಚ್ಚಿದ ಪೆಟ್ಟಿಗೆಯಲ್ಲಿ, ನಡುನಡುವೆ ಬಟರ್ ಪೇಪರ್ ಹಾಕಿ, ಮಟ್ಟಸವಾಗಿ ಮಲಗಿಸಿಡಿ.